ಮುಡಿ ಕೊಡುವವರೆಗೆ

ಕೌದಳ್ಳಿಯ ಸೋಮಮ್ಮನ ಮನೆಯಲ್ಲಿ ಮೊಮ್ಮಗುವನ್ನು ಗಂಡು ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹುಟ್ಟಿ ನಾಲ್ಕು ವರ್ಷವಾಗುತ್ತ ಬಂದಿದ್ದ ಕೂಸಿನ ಹೆಸರು ಮಾದೇವಿ. ಮೂಗಿಗೆ ನತ್ತು, ಕೈಗೆ ಗಾಜಿನ ಬಳೆ, ಸೊಂಟಕ್ಕೆ ಚೀಟಿ ಬಟ್ಟೆಯ ಲಂಗ, ಬೆನ್ನಿಗಿಳಿದ ಜಡೆ. ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ಪರಸೆಯವರು ಜಗಲಿಯಲ್ಲಿ ದಣಿವಾರಿಸಿಕೊಳ್ಳುತ್ತ, "ಏನ್ ಕೂಸವ್ವ ಇದು?" ಎಂದು ಕೇಳಿದರೆ ಸೋಮಮ್ಮ ತಟ್ಟನೆ "ಎಣ್ಣು ಕಣಪ್ಪ" ಎನ್ನುತ್ತಿದ್ದಳು. ಕೂಸಿಗೂ ಅದನ್ನೇ ಕಲಿಸಿದ್ದಳು. ಯಾರು ಕೇಳಿದರೂ ಅದು ಎದೆ ಸೆಟೆಸಿ "ನಾನ್ ಎಣ್ಣು" ಎಂದು ಹೇಳಿ, ಒಳಗೆ ಓಡಿಬಂದು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿತ್ತು. ಅದಕ್ಕೆ ಅದೊಂದು ಆಟ.

ದೊಡ್ಡವರಿಗೆ ಆಟವಾಗಿರಲಿಲ್ಲ. ಸೋಮಮ್ಮನ ಸೊಸೆ ಶಿವರತ್ನಮ್ಮ ಮೊದಲು ಹೆತ್ತ ಎರಡು ಗಂಡುಮಕ್ಕಳೂ ಅಂಬೆಗಾಲಿಕ್ಕುವ ಮೊದಲೇ ಹೋಗಿದ್ದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ಸೋಮಮ್ಮ ಮಾದಪ್ಪನಿಗೆ ಹರಕೆ ಹೊತ್ತಳು. ಗಂಡು ಹುಟ್ಟಿದರೆ ಬೆಟ್ಟದಲ್ಲಿ ಮುಡಿ ಕೊಡುವವರೆಗೆ ತಲೆಗೆ ಕತ್ತರಿ ತಾಕಿಸುವುದಿಲ್ಲ, ಹೆಣ್ಣಿನಂತೆಯೇ ಸಾಕುತ್ತೇವೆ, ಗಂಡು ಎಂಬ ಮಾತು ಮನೆಯವರ ಬಾಯಲ್ಲಿ ಬರುವುದಿಲ್ಲ. ಗಂಡುಮಕ್ಕಳನ್ನು ಹುಡುಕಿಕೊಂಡು ಬರುವ ಸಾವು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಇಲ್ಲಿರುವುದು ಹೆಣ್ಣು ಎಂದು ತಿರುಗಿ ಹೋಗಬೇಕು. ಆ ಸೀಮೆಗೆ ಇಂಥ ಹರಕೆ ಹೊಸದಲ್ಲ. ನೆಂಟರಿಷ್ಟರು ಊಹಿಸುತ್ತಾರೆ, ಕೆದಕುವುದಿಲ್ಲ. ಮುಡಿ ಕೊಟ್ಟ ದಿನ ಸೋದರಮಾವ ಕೇಳುತ್ತಾನೆ, ಆಗ ನಿಜ ಹೇಳಿ ಹೊಸ ಬಟ್ಟೆ ತೊಡಿಸುತ್ತಾರೆ.

ಹರಕೆಯ ಅಡಿಯಲ್ಲಿ ಇನ್ನೊಂದು ಗುಟ್ಟಿತ್ತು. ಹೆರಿಗೆ ಮಾಡಿಸಿದ ಮುದುಕಿ ದೀಪ ಹತ್ತಿರಕ್ಕೆ ಹಿಡಿದು ನೋಡಿ, "ಗಂಡೇ ಕಣವ್ವ, ವಸಿ ಕೊರೆ ಅದೆ. ಬೆಳೀತಾ ಸರೋಯ್ತದೆ" ಎಂದಿದ್ದಳು. ಗಂಡೆಂದು ಹೇಳಲು ಇದ್ದದ್ದು ಚಿಗುರಿನಷ್ಟು, ಬೀಜ ಕೆಳಗೆ ಇಳಿದಿರಲಿಲ್ಲ. ಉಚ್ಚೆ ಬುಡದಿಂದ ಬರುತ್ತಿದ್ದರಿಂದ ಕೂಸು ಕುಳಿತೇ ಮಾಡುತ್ತಿತ್ತು. ಅದರ ಹೊರತು ಉಂಡು, ಆಡಿ, ಬಿದ್ದು, ಎದ್ದು ಗಟ್ಟಿಮುಟ್ಟಾಗಿ ಬೆಳೆಯುತ್ತಿತ್ತು. ಶಿವರತ್ನಮ್ಮನಿಗೆ ಚಿಂತೆಯೇ ಇರಲಿಲ್ಲ ಎಂದರೆ ಸುಳ್ಳು. ಆದರೆ ಎರಡನ್ನು ಮಣ್ಣಿಗೆ ಕೊಟ್ಟವಳಿಗೆ ಮೂರನೆಯದು ಉಸಿರಾಡುತ್ತಿರುವುದೇ ದೊಡ್ಡದಾಗಿತ್ತು. ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ ಸೊಪ್ಪು ಹಾಕುವಾಗ ಯಾರೂ ಇಲ್ಲದ್ದು ನೋಡಿ ಅದರ ಕಿವಿಯಲ್ಲಿ, "ನೀನು ನನ್ ಗಂಡು, ನನ್ ಮಾದೇವ" ಎನ್ನುತ್ತಿದ್ದಳು. "ಯಾರ್ಗೂ ಏಳ್ಬ್ಯಾಡ. ಮುಡಿ ಕೊಟ್ಮೇಲೆ ಏಳೀಯಂತೆ." ಕೂಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ತಲೆ ಆಡಿಸುತ್ತಿತ್ತು.

ಆ ವರ್ಷ ಕಾರ್ತಿಕಕ್ಕೆ ಮುಡಿ ಎಂದು ನಿಶ್ಚಯವಾಯಿತು. ನಿಶ್ಚಯವಾದ ದಿನದಿಂದಲೇ ಶಿವರತ್ನಮ್ಮನ ಗಂಡ ಪುಟ್ಟಸಿದ್ದಯ್ಯನಿಗೆ ಊಟ ಸೇರದಾಯಿತು. ಒಂದು ಮಧ್ಯಾಹ್ನ ಮುದ್ದೆ ಮುರಿದವನು ಉಪ್ಸಾರಿಗೆ ಅದ್ದದೆ ಹಾಗೇ ಕುಳಿತ.

"ಬೆಟ್ಟದಲ್ಲಿ ಅಂತರಗಂಗೆ ಕೊಳದಲ್ಲಿ ಮೀಯ್ಸಬೇಕು. ನಿಮ್ಮಣ್ಣ, ನಿಮ್ಮತ್ಗೆ, ನಮ್ ಚಿಕ್ಕವ್ವನ ಕಡೇವ್ರು, ಎಲ್ಲಾ ಸುತ್ತ ನಿಂತಿರ್ತಾರೆ. ಬಟ್ಟೆ ಬಿಚ್ಚುದ್ರೆ ಏನ್ ಕಂಡದು?"

"ಕೂಸು ಕಂಡದು," ಎಂದಳು ಶಿವರತ್ನಮ್ಮ.

"ಅಡ್ಡ ಮಾತಾಡ್ಬ್ಯಾಡಮ್ಮಿ. ಅತ್ತ ಗಂಡೂ ಅಲ್ಲ, ಇತ್ತ ಎಣ್ಣೂ ಅಲ್ಲ ಅಂತ ಅನೂರ್ ಸಂತೇವರ್ಗೂ ಆಡ್ಕತಾರೆ. ಕೊಳ್ಳೇಗಾಲದ್ ಡಾಕ್ಟ್ರು ಏಳವ್ರೆ. ಘಟ್ಟದ್ ಕೆಳಗೆ ಒಂದಾಸ್ಪತ್ರೆ ಅದಂತೆ, ಪರದೇಸ್ದಲ್ಲಿ ಓದ್ಕಂಡ್ ಬಂದೋರಂತೆ, ಇಂತವ ಸರಿ ಮಾಡ್ತಾರಂತೆ. ಮುಡಿಗೆ ಮುಂಚೆ ತೋರ್ಸ್ಬುಡವ."

"ಕೂಸ್ಗೆ ನೋವಾ, ಜ್ವರವಾ? ಏನಾಗದೆ ಅಂತ ತೋರ್ಸಾದು?"

ಒಲೆಯ ಮುಂದಿದ್ದ ಸೋಮಮ್ಮ ಅಲ್ಲಿಂದಲೇ ತೀರ್ಪು ಕೊಟ್ಟಳು. "ತೋರ್ಸುದ್ರೆ ಏನ್ ಸವ್ದೋದದು? ನಾನೂ ಓಯ್ತೀನಿ. ಅಲ್ಲಿ ಅರವು ಮಾತು, ಇವನ್ಗೆ ಬರಾದಿಲ್ಲ."

ಕೊಳ್ಳೇಗಾಲ ತಮಿಳು ಸೀಮೆ ಬಿಟ್ಟು ಮೈಸೂರಿಗೆ ಸೇರಿ ಹತ್ತು ವರ್ಷ ದಾಟಿದ್ದರೂ ಹಳಬರಿಗೆ ದೊಡ್ಡಾಸ್ಪತ್ರೆ ಎಂದರೆ ಈಗಲೂ ಘಟ್ಟದ ಕೆಳಗಿನದೇ. ಸೋಮಮ್ಮನ ತವರು ಗಡಿಯ ಊರು, ತಮಿಳು ಅವಳಿಗೆ ನೀರು ಕುಡಿದಷ್ಟು ಸಲೀಸು. ತಾನೂ ಬರುತ್ತೇನೆ ಎಂದಳು ಶಿವರತ್ನಮ್ಮ. ಆದರೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಪೊರೆ ಕಳಚಿ ಜ್ವರ ಬಿಟ್ಟೆದ್ದ ರೇಷ್ಮೆ ಹುಳು ಹಗಲು ರಾತ್ರಿ ತಿನ್ನುತ್ತದೆ, ಒಂದು ಹೊತ್ತು ಸೊಪ್ಪು ತಪ್ಪಿದರೆ ಇಡೀ ಬೆಳೆ ಹಾಳು. "ಬರೀ ತೋರಿಸ್ಕ ಬತ್ತೀವಿ, ನೀನ್ ಹುಳ ನೋಡ್ಕ" ಎಂದ ಪುಟ್ಟಸಿದ್ದಯ್ಯ. ಅವಳು ಕೂಸಿಗೆ ಎಣ್ಣೆ ಹಚ್ಚಿ ಜಡೆ ಹೆಣೆದು, ತೊಳೆದ ಲಂಗ ತೊಡಿಸಿ ಬಸ್ಸು ಹತ್ತಿಸಿದಳು. ತನ್ನ ಕೈಯಾರೆ ಹಾಗೆ ಸಿಂಗರಿಸಿ ಕಳಿಸಿದೆ ಎಂಬ ಸಂಕಟ ಆಮೇಲೆ ಅವಳನ್ನು ಸುಟ್ಟಿತು. ಅಂದು ಮಾತ್ರ ಬೇಗ ಸೊಪ್ಪು ಕುಯ್ಯಬೇಕು ಎಂಬುದೊಂದೇ ತಲೆಯಲ್ಲಿತ್ತು.

ಮೂರನೆಯ ದಿನ ಪುಟ್ಟಸಿದ್ದಯ್ಯ ಒಬ್ಬನೇ ಬಂದ. ಕಾಲು ತೊಳೆಯಲು ನೀರು ಕೊಟ್ಟವಳು ಅವನ ಹಿಂದೆ ನೋಡಿದಳು.

"ಕೂಸೆಲ್ಲಿ?"

"ಅಲ್ಲೇ ಮಡಿಕಂಡವ್ರೆ. ಅವ್ವ ಅದೆ ಜೊತೇಲಿ. ಸಣ್ಣ ಆಪ್ರೇಸನ್ ಮಾಡವ್ರೆ."

"ಬರೀ ತೋರ್ಸಾದು ಅಂದಿದ್ರಿ!"

"ದೊಡ್ ಡಾಕ್ಟ್ರು ಮಾರ್ನೇ ದಿನವೇ ಬಿಡುವಾಗಿದ್ರು. ಆಮೇಲೆ ತಿಂಗ್ಳಾಯ್ತದೆ ಅಂದ್ರು. ಹೆಬ್ಬೆಟ್ಟು ಒತ್ತು ಅಂದ್ರು, ಒತ್ದೆ. ಎಲ್ಲಾ ಸರೋಯ್ತು. ಉಚ್ಚೆ ಸಲೀಸಾಗಿ ಓಯ್ತದೆ."

ಗಂಡನ ಮುಖದಲ್ಲಿ ಸರಿಹೋದ ಕಳೆ ಅವಳಿಗೆ ಕಾಣಲಿಲ್ಲ. ಕೇಳಿದ್ದಕ್ಕೆಲ್ಲ ಅವನು ಹಟ್ಟಿಯ ಕಡೆ ನೋಡಿಕೊಂಡು ಉತ್ತರ ಕೊಟ್ಟ. ನಾಲ್ಕು ದಿನ ಕಳೆಯುವಷ್ಟರಲ್ಲಿ ಹುಳು ಹಣ್ಣಾಗತೊಡಗಿ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಿತ್ತು. ಬಿಟ್ಟು ಮುಗಿಸಿದ ಮಾರನೆಯ ಬೆಳಗ್ಗೆ, ಅವನು ಬೇಡವೆಂದರೂ ಕೇಳದೆ, ಅವಳು ಅವನ ಜೊತೆ ಬಸ್ಸು ಹತ್ತಿದಳು.

ಆಸ್ಪತ್ರೆಯ ಮಂಚದ ಮೇಲೆ ಕೂಸು ಕುಳಿತಿತ್ತು. "ಅವ್ವಾ, ನಂಗೆ ಬನ್ನು ಕೊಟ್ರು!" ಎಂದು ಕೂಗಿತು. ಮೈ ಇಳಿದಿತ್ತು, ಬಾಯಿ ಮಾತ್ರ ಹಾಗೇ ಇತ್ತು. ಶಿವರತ್ನಮ್ಮ ಒದ್ದೆ ಬಟ್ಟೆಯಲ್ಲಿ ಮೈ ಒರೆಸೋಣವೆಂದು ಸುತ್ತಿದ್ದ ಪಂಚೆಯ ತುಂಡನ್ನು ಬಿಚ್ಚಿದಳು. ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಮುಚ್ಚಿದಳು.

"ಎಲ್ಲತ್ತೆ?" ಎಂದಳು.

ಸೋಮಮ್ಮ ಗೋಡೆಯ ಕಡೆ ತಿರುಗಿ ಎಲೆಯಡಿಕೆ ಚೀಲ ಹುಡುಕತೊಡಗಿದಳು.

"ನನ್ ಕೂಸಿಂದು ಎಲ್ಲತ್ತೆ?"

ಪುಟ್ಟಸಿದ್ದಯ್ಯ ಹೆಂಡತಿಯ ರಟ್ಟೆ ಹಿಡಿದು ಹೊರಗಿನ ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದ. ಸೋಮಮ್ಮ ಹಿಂದೆಯೇ ಬಂದಳು. ಆಗ ಒಂದೊಂದೇ ಮಾತು ಹೊರಬಿತ್ತು. ಡಾಕ್ಟರು ಕೂಸನ್ನು ಮಲಗಿಸಿ ನೋಡಿದರು. ಆಮೇಲೆ ಸೋಮಮ್ಮನ ಕಡೆ ತಿರುಗಿ, ಆಣಾ ಪೊಣ್ಣಾ, ಗಂಡೋ ಹೆಣ್ಣೋ, ಏನೆಂದು ಸಾಕಿದ್ದೀರಿ ಎಂದು ತಮಿಳಿನಲ್ಲಿ ಕೇಳಿದರು. ಸೋಮಮ್ಮ "ಪೊಣ್ಣು ಸಾಮಿ" ಎಂದಳು.

"ಆಸ್ಪತ್ರೇಲೂವಾ ಅತ್ತೆ? ಡಾಕ್ಟ್ರ ತಾವ್ಲೂವಾ?"

"ಇನ್ನೆಲ್ಲಿ?" ಸೋಮಮ್ಮ ತಿರುಗಿಬಿದ್ದಳು. "ಅಲ್ಲಿ ಮಂಚದ್ ಮಂಚದ್ ತಾವೂ ಸಾವು ಕಾಯ್ಕಂಡ್ ಕುಂತದೆ. ಅಂತಾ ಜಾಗದಲ್ಲಿ ನಿಂತ್ಕಂಡು ಗಂಡು ಅನ್ಲಾ? ನಾಲ್ಕ್ ವರ್ಷ ಬಾಯಿ ಕಟ್ಟಿ ಉಳ್ಸಿವ್ನಿ. ಮುಡಿಗೆ ಇನ್ನೊಂದ್ ತಿಂಗ್ಳದೆ ಅನ್ನುವಾಗ ಅರಕೆ ಮುರೀಲಾ?"

"ನಿಮ್ಗೆ ಪೊಣ್ಣು ಅಂದ್ರೆ ಏನ್ ಅಂತ ಗೊತ್ತಿತ್ತಲ್ಲ?" ಶಿವರತ್ನಮ್ಮ ಗಂಡನನ್ನು ಕೇಳಿದಳು.

"ಗೊತ್ತಿತ್ತು. ಎಲ್ರ ತಾವೂ ಅಂಗೇ ಅಲ್ವಾ ನಾವು ಅನ್ನಾದು," ಎಂದ ಪುಟ್ಟಸಿದ್ದಯ್ಯ. "ಅದ್ರ ಮೇಲೆ ಇಂಗ್ ಮಾಡ್ತಾರೆ ಅಂತ ನಂಗೇನ್ ಗೊತ್ತು? ಸರಿ ಮಾಡ್ತೀವಿ ಅಂದ್ರು. ಸರಿ ಮಾಡಾದು ಅಂದ್ರೆ ಇದಾ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅತ್ತೆ ಹೇಳಿದ್ದರಲ್ಲೂ ಇರಲಿಲ್ಲ. ಯಾರ ಕುತ್ತಿಗೆ ಹಿಡಿಯಬೇಕೆಂದು ತಿಳಿಯದೆ ಶಿವರತ್ನಮ್ಮ ಡಾಕ್ಟರ ಕೋಣೆಗೆ ನುಗ್ಗಿದಳು. ಡಾಕ್ಟರು ಗದರಲಿಲ್ಲ, ಕೂರಿಸಿದರು. ಮಾರ್ಟಳ್ಳಿ ಕಡೆಯ ನರ್ಸೊಬ್ಬಳು ಎರಡೂ ಭಾಷೆ ಬಲ್ಲವಳು, ಅವಳನ್ನು ಕರೆಸಿದರು. ಮೊದಲ ದಿನ ಅವಳು ರಜೆಯಲ್ಲಿದ್ದಳಂತೆ.

"ನನ್ ಕೂಸು ಗಂಡು ಅಂತ ಏಳವ್ವ ಅವರ್ಗೆ."

ನರ್ಸು ಹೇಳಿದಳು. ಡಾಕ್ಟರು ಮಾತಾಡಿದರು. ನರ್ಸು ನೆಲ ನೋಡುತ್ತ ಕನ್ನಡ ಮಾಡಿದಳು. "ನತ್ತಿತ್ತು, ಜಡೆ ಇತ್ತು, ಲಂಗ ಇತ್ತು, ಎಸ್ರೂ ಎಣ್ಣಿಂದೇ ಇತ್ತು ಅಂತಾರೆ. ಅಜ್ಜೀನೂ ಏಳುದ್ರಂತೆ. ಅಜ್ಜೀ ಕೈಲೇ ಕೂಸ್ನೂ ಕೇಳ್ಸುದ್ರಂತೆ, ಅದೂ ನಾನ್ ಎಣ್ಣು ಅಂದ್ಬುಡ್ತಂತೆ."

ಎದೆ ಸೆಟೆಸಿ ಹೇಳಿರುತ್ತದೆ. ಹೇಳಿ ನಕ್ಕೂ ಇರುತ್ತದೆ. ಶಿವರತ್ನಮ್ಮನಿಗೆ ಅದು ಕಣ್ಣಿಗೆ ಕಟ್ಟಿದಂತಾಯಿತು.

"ಇಂತಾ ಕೂಸ್ಗಳ್ನ ಮನೇಲಿ ಎಂಗೆ ಸಾಕಿರ್ತಾರೋ ಆ ಕಡೀಕೇ ಮಾಡ್ಬುಡಾದಂತೆ. ಬುದ್ಧಿ ತಿಳ್ಯೋ ಮುಂಚೇನೇ ಮಾಡ್ಬೇಕಂತೆ. ಎಲ್ಲಾ ದೇಸದಲ್ಲೂ ಇದೇ ರೂಲ್ಸಂತೆ. ಇದ್ನ ಗಂಡು ಮಾಡಕ್ಕೆ ಆಯ್ತಿರ್ಲಿಲ್ವಂತೆ, ಎಣ್ಣು ಮಾಡಾದು ಸುಲಭ್ವಂತೆ. ಒಳಗಿದ್ದ ಬೀಜಾನೂ ತಗ್ದವ್ರಂತೆ. ಲಗ್ನ ಆಗ್ಬೋದಂತೆ, ಮಕ್ಳಾಗಾದಿಲ್ವಂತೆ."

"ಏನೂ ಮಾಡ್ದೆ ಬುಟ್ಟಿದ್ರೆ ಸಾಯ್ತಿತ್ತಾ ಅಂತ ಕೇಳವ್ವ."

ನರ್ಸು ಕೇಳಲು ಹಿಂದೆಮುಂದೆ ನೋಡಿ, ಕೊನೆಗೆ ಕೇಳಿದಳು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಸಾಯ್ತಿರ್ಲಿಲ್ವಂತೆ."

"ಮತ್ಯಾಕೆ ಮಾಡುದ್ರಂತೆ?"

"ದೊಡ್ಡದಾದ್ಮೇಲೆ ಅದು ನಾಚ್ಕೆ ಪಡ್ಬಾರ್ದು ಅಂತ." ನರ್ಸಿನ ದನಿ ಇಳಿಯಿತು. "ಇನ್ನೊಂದ್ ಮಾತು ಅಕ್ಕ. ಇದ್ನ ಯಾವತ್ತೂ ಅದ್ಕೆ ಏಳ್ಬಾರ್ದಂತೆ. ಏಳುದ್ರೆ ಅದ್ರ ತಲೆ ಕೆಡ್ತದಂತೆ. ಎಣ್ಣಂತ ಗಟ್ಟಿಯಾಗಿ ಸಾಕ್ಬೇಕಂತೆ, ನೀವೇ ಅನುಮಾನ ಪಟ್ರೆ ಮಾಡಿದ್ದೆಲ್ಲ ನೀರ್ ಪಾಲಂತೆ."

ಶಿವರತ್ನಮ್ಮ ಎದ್ದಳು. ಸಾವಿಗೆ ಹೆದರಿ ಅತ್ತೆ ಬಾಯಿ ಕಟ್ಟಿದ್ದಳು, ನಾಚಿಕೆಗೆ ಹೆದರಿ ಇವರು ಕತ್ತರಿ ಹಿಡಿದಿದ್ದರು. ಅತ್ತೆಯ ಕಟ್ಟುಪಾಡಿಗಾದರೂ ಒಂದು ಕೊನೆಯ ದಿನವಿತ್ತು, ಇವರದ್ದಕ್ಕೆ ಅದೂ ಇರಲಿಲ್ಲ.

ಊರಿಗೆ ಬಂದ ಮೇಲೆ ಆ ಮನೆಯಲ್ಲಿ ನೆಮ್ಮದಿಯಾಗಿ ಅನ್ನ ಇಳಿಯಲಿಲ್ಲ. ಶಿವರತ್ನಮ್ಮ ಅತ್ತೆ ಬೇಯಿಸಿದ್ದನ್ನು ಮುಟ್ಟದಾದಳು. ತಾನೇ ಒಂದು ಮುದ್ದೆ ತೊಳಸಿ ಕೂಸಿಗೆ ಉಣ್ಣಿಸಿ, ಉಳಿದದ್ದನ್ನು ತಿಂದು ಏಳುತ್ತಿದ್ದಳು. ಸೋಮಮ್ಮ ಬೇಯಿಸಿದ ಸಾರು ಹಾಗೇ ಉಳಿದು ಹಟ್ಟಿಯ ನಾಯಿಗೆ ಹೋಗುತ್ತಿತ್ತು. ಗೂಡು ಬಿಡಿಸುವಾಗ ಇಬ್ಬರೂ ಎದುರುಬದುರು ಕುಳಿತೂ ಮಾತಿಲ್ಲ. ಮಾತಾಡಿದರೆ ಜಗಳ.

"ನೀನೇ ಓಗ್ಬೋದಿತ್ತಲ್ಲ," ಎಂದಳು ಒಂದು ದಿನ ಸೋಮಮ್ಮ. "ಹುಳ ಮುಖ್ಯ ಅಂತ ಕುಂತ್ಕಂಡೆ. ಈಗ ನನ್ ಮೇಲೆ ಬತ್ತೀಯೆ."

"ಹುಳ ನೋಡ್ಕ ಅಂದೋರ್ಯಾರು?"

"ಅಂದ್ರೆ ಕೇಳ್ಬುಡಾದಾ? ಎತ್ತೋಳು ನೀನೋ ನಾನೋ?"

ಆ ಮಾತು ನಾಟಿತು. ಶಿವರತ್ನಮ್ಮ ಕೈಲಿದ್ದ ಚಂದ್ರಿಕೆಯನ್ನು ಅಂಗಳಕ್ಕೆ ಎಸೆದು ಹೊರಗೆ ಹೋದಳು. ಹೋದ ಮೇಲೆ ಸೋಮಮ್ಮ ಚೆಲ್ಲಿದ ಗೂಡುಗಳನ್ನು ಆಯುತ್ತ, ಸೆರಗು ಬಾಯಿಗೆ ತುರುಕಿಕೊಂಡು ಅತ್ತದ್ದನ್ನು ಕೂಸು ನೋಡಿ ಬಂದು ತಾಯಿಗೆ ಹೇಳಿತು. ತಾಯಿಗೆ ಕನಿಕರ ಬರಲಿಲ್ಲ. ಬರಲಿ ಎಂದು ಅವಳು ಬಯಸಲೂ ಇಲ್ಲ.

ಮುಡಿಯ ದಿನ ಹತ್ತಿರವಾದಂತೆ ಜಗಳ ಅತ್ತೆಯಿಂದ ಗಂಡನ ಕಡೆಗೆ ತಿರುಗಿತು.

"ಬೆಟ್ಟದಲ್ಲಿ ನಾನು ಗಂಡು ಅಂತ್ಲೇ ಏಳಾದು," ಎಂದಳು ಶಿವರತ್ನಮ್ಮ, ಎಮ್ಮೆಗೆ ಹಿಂಡಿ ಕಲಸುತ್ತ. "ಮಾದಪ್ಪನ ಮುಂದೆ ನಿಂತು ಸುಳ್ ಏಳಕ್ಕಾಗಾದಿಲ್ಲ."

"ಏಳು. ಏಳಿ ಚಡ್ಡಿ ಆಕ್ಸು. ನಾಳೀಕೆ ಇಸ್ಕೂಲ್ಗೆ ಓಯ್ತದೆ. ಐಕ್ಳು ಚಡ್ಡಿ ಎಳ್ದು ನೋಡುದ್ರೆ ಏನ್ ತೋರ್ಸೀಯೆ?"

ಅವಳು ಹಿಂಡಿಯ ತೊಟ್ಟಿಯನ್ನು ಎಮ್ಮೆಯ ಮುಂದೆ ತಳ್ಳಿದಳು.

"ನಂಗೆ ಹೊಟ್ಟೆ ಉರಿಯಾದಿಲ್ವಾ?" ಪುಟ್ಟಸಿದ್ದಯ್ಯ ಗೊಂತಿಗೆ ಒರಗಿ ಕುಳಿತ. "ಗಂಡು ಅಂದ್ರೆ ಇರೋ ಊರೆಲ್ಲ ಅದ್ನ ಬಿಚ್ಚಿ ನೋಡ್ತದೆ. ಎಣ್ಣು ಅಂದ್ರೆ ಬಾಳ್ವೆ ಎಂಗೋ ಓಯ್ತದೆ. ನೀನು ಗೆಲ್ಲಕ್ಕೆ ಕೂಸ್ನ ಸೋಲುಸ್ತೀಯಾ ಏಳು."

ಅವಳು ಬೆಟ್ಟಕ್ಕೆ ಹೊರಡುವವರೆಗೂ ಇದಕ್ಕೊಂದು ಉತ್ತರ ಹುಡುಕಿದಳು. ಸೊಪ್ಪು ಕೊಯ್ಯುವಾಗ, ರಾಗಿ ಬೀಸುವಾಗ, ಕೂಸಿನ ತಲೆ ಬಾಚುವಾಗ ಹುಡುಕಿದಳು. ಕೂಸಿಗೆ ಮಾತ್ರ ಹಿಗ್ಗೋ ಹಿಗ್ಗು. "ಮುಡಿ ನಾಳೀಕಾ?" ಎಂದು ದಿನಕ್ಕೆ ಎಷ್ಟು ಸಲ ಕೇಳುತ್ತಿತ್ತೋ ಲೆಕ್ಕವಿಲ್ಲ.

ಕಾರ್ತಿಕದ ಸೋಮವಾರ ಬೆಟ್ಟದಲ್ಲಿ ಜನವೋ ಜನ. ಶಿವರತ್ನಮ್ಮನ ಅಣ್ಣ ಮಂಟೇಸ್ವಾಮಿ ಯಳಂದೂರಿನಿಂದ ಹೆಂಡತಿ ಮಕ್ಕಳೊಡನೆ ಬಂದಿದ್ದ. ಪುಟ್ಟಸಿದ್ದಯ್ಯನ ಚಿಕ್ಕವ್ವನ ಕಡೆಯವರೂ ಬಂದಿದ್ದರು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಜಡೆ ತೆಗೆಸಿದರು. ಕತ್ತಿ ತಲೆಗೆ ತಾಕಿದಾಗ ಕೂಸು ಅಳಲಿಲ್ಲ. ಬಿದ್ದ ಕೂದಲನ್ನು ಕೈಯಲ್ಲಿ ಹಿಡಿದು ಸುತ್ತ ಇದ್ದವರಿಗೆಲ್ಲ ತೋರಿಸಿತು.

ಅಂತರಗಂಗೆಯ ಮೆಟ್ಟಿಲಿಗೆ ಬಂದಾಗ ಸೋಮಮ್ಮ, "ಗಾಯ ಇನ್ನೂ ಅಸೀದು, ನೀರ್ಗಿಳಿಸ್ಬ್ಯಾಡ" ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಬೋಳುತಲೆಗೆ ಅರಿಶಿನ ಬಳಿದು, ಸೊಂಟಕ್ಕೆ ಒಂದು ಟವೆಲು ಸುತ್ತಿ, ದಡದಲ್ಲೇ ನಿಲ್ಲಿಸಿ ಒಂದು ಚೊಂಬು ನೀರನ್ನು ತಲೆಯ ಮೇಲೆ ಹುಯ್ದರು. ಅಷ್ಟೇ. ಮೀಯುವುದು ಮುಗಿಯಿತು. ಟವೆಲು ಯಾಕೆ ಎಂದು ನೆಂಟರಲ್ಲಿ ಒಬ್ಬರೂ ಕೇಳಲಿಲ್ಲ. ಅತ್ತ ಇನ್ನೊಬ್ಬರ ಕೂಸಿಗೂ ಹಾಗೇ ಚಳಿಗೆ ಪಂಚೆ ಸುತ್ತಿ ನೀರು ಹುಯ್ಯುತ್ತಿದ್ದರು. ಶಿವರತ್ನಮ್ಮ ಗಂಡನ ಮುಖ ನೋಡಿದಳು. ಅವನೂ ಆ ಟವೆಲನ್ನೇ ನೋಡುತ್ತ ನಿಂತಿದ್ದ. ಈ ಒಂದು ಚೊಂಬು ನೀರಿಗೆ ಹೆದರಿ ಘಟ್ಟ ಇಳಿದಿದ್ದರು. ಒಂದು ಮೊಳ ಬಟ್ಟೆಯಲ್ಲಿ ಮುಗಿಯುವ ಕೆಲಸ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ತನಗೂ ಹೊಳೆದಿರಲಿಲ್ಲ.

ಗುಡಿಯ ಎದುರಿಗೆ ಬಂದು ನಿಂತರು. ಮಂಟೇಸ್ವಾಮಿ ಚೀಲದಿಂದ ಎರಡು ಹೊಸ ಬಟ್ಟೆ ತೆಗೆದ. ಒಂದು ಕೈಯಲ್ಲಿ ಕೆಂಪು ಲಂಗ, ಇನ್ನೊಂದರಲ್ಲಿ ಅಂಗಿ ಚಡ್ಡಿ. ನಗುನಗುತ್ತ ಪದ್ಧತಿಯಂತೆ ಕೇಳಿದ.

"ಏಳತ್ತೆ, ಮಾದಪ್ಪನ ಮುಂದ್ಗಡೆ ನಿಜ ಏಳು. ನನ್ ತಂಗಿ ಎತ್ತಿರಾದು ಗಂಡೋ ಎಣ್ಣೋ? ಯಾವುದ್ ಆಕ್ಲಿ?"

ನಾಲ್ಕು ವರ್ಷ ಈ ಗಳಿಗೆಗಾಗಿಯೇ ಕಾದಿದ್ದ ಸೋಮಮ್ಮ ಬಾಯಿ ತೆರೆದಳು. ಕೈ ಮುಗಿದವಳು ಹಾಗೇ ಗುಡಿಯ ಕಡೆ ತಿರುಗಿಬಿಟ್ಟಳು. ಪುಟ್ಟಸಿದ್ದಯ್ಯ ತಲೆ ತಗ್ಗಿಸಿದ.

"ಇದೇನತ್ತೆ ಇಂಗಾಡ್ತೀಯೆ? ಓಗ್ಲಿ, ನೀನೇ ಏಳು ಕೂಸೆ," ಎಂದ ಮಂಟೇಸ್ವಾಮಿ.

ಕೂಸು ಅಜ್ಜಿಯನ್ನು ನೋಡಿತು, ಅಪ್ಪನನ್ನು ನೋಡಿತು. ಕೊನೆಗೆ ತಾಯಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಅವ್ವಾ, ಈಗ ನಿಜ ಏಳ್ಬೋದಾ?" ಎಂದು ಕೇಳಿತು. ನೆಂಟರೆಲ್ಲ ಗೊಳ್ಳೆಂದು ನಕ್ಕರು. ಮಂಟೇಸ್ವಾಮಿ ನಗುತ್ತಲೇ ಚಡ್ಡಿಯನ್ನು ಮುಂದೆ ಮಾಡಿದ.

ಶಿವರತ್ನಮ್ಮ ಮುಂದೆ ಬಂದು ಅಣ್ಣನ ಇನ್ನೊಂದು ಕೈಯಿಂದ ಲಂಗವನ್ನು ತೆಗೆದುಕೊಂಡಳು. ಕೂಸಿನ ಮುಂದೆ ಮಂಡಿಯೂರಿ ಕುಳಿತಳು.

"ಎಣ್ಣು ಕಣಣ್ಣ," ಎಂದಳು. "ಎಣ್ಣೇ. ನೀನು ಎಣ್ಣೇ ಕಣವ್ವ."

ಕೂಸು ಅವಳ ಮುಖವನ್ನೇ ನೋಡಿತು. ಅವ್ವನಿಗೆ ಮರೆತುಹೋಗಿದೆ ಎಂದುಕೊಂಡಿತೋ ಏನೋ. ಬೋಳುತಲೆಯನ್ನು ಅವಳ ಕೆನ್ನೆಗೆ ಒತ್ತಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಬೇರೆ ಯಾರಿಗೂ ಕೇಳದಂತೆ ಅವಳ ಕಿವಿಯಲ್ಲಿ ನೆನಪಿಸಿತು:

"ಅವ್ವಾ, ಮುಡಿ ಕೊಟ್ಟಾಯ್ತಲ್ಲ."